ಮನೆಯಲ್ಲೇ ಕಿಟ್ ವಿಮಾನ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರು ಕೂರುವ ಅಲ್ಯೂಮಿನಿಯಂ ವಿಮಾನವೊಂದನ್ನು ಗ್ಯಾರೇಜಿನಲ್ಲಿ ಕಟ್ಟಿ ಮುಗಿಸಲು ನನಗೆ ಏಳು ವರ್ಷ ಹಿಡಿಯಿತು. ಆ ಏಳು ವರ್ಷ ನೋಡಲು ಬಂದವರೆಲ್ಲ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳಿದರು. ಪ್ರತಿಯೊಬ್ಬರಿಗೂ ಹೊಸದಾಗಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಎರಡೇ ಸಾಲು. ಎಲ್ಲಿ ಹೆಚ್ಚು ಏಟು ತಿಂದಿದ್ದೇನೋ ಅಲ್ಲಿ ಹೆಚ್ಚು ಬರೆದಿದ್ದೇನೆ.

ಕಿಟ್ ವಿಮಾನ ಅಂದರೆ ಒಳಗೆ ಮನುಷ್ಯರು ಕೂತು ಹಾರುವಂಥದ್ದೇನಾ?

ಹೌದು, ಪೂರ್ತಿ ಗಾತ್ರದ ವಿಮಾನ. ರೆಕ್ಕೆ, ಬಾಲ, ಒಡಲಿನ ಭಾಗಗಳನ್ನು ಕಾರ್ಖಾನೆಯವರು ಕತ್ತರಿಸಿ, ಬಗ್ಗಿಸಿ, ಈಚಿನ ಕಿಟ್‌ಗಳಲ್ಲಾದರೆ ತೂತುಗಳನ್ನೂ ಕೊರೆದು, ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಾರೆ. ಜೋಡಿಸುವುದು ನಿಮ್ಮ ಕೆಲಸ.

ಕಿಟ್ ಬರುವುದಕ್ಕೆ ಬಹಳ ಮುಂಚೆ ಬರೀ ನಕ್ಷೆ ನೋಡಿ ಕಟ್ಟುವ ಕಾಲವಿತ್ತು. ವಿಮಾನಯುಗದ ಆರಂಭದ ಹಾರಾಟಗಾರ ಸಾಂಟೋಸ್ ಡ್ಯೂಮಾಂಟ್ ತನ್ನ ಪುಟ್ಟ ಡೆಮೊಸೆಲ್ ವಿಮಾನದ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದ. 1910ರಲ್ಲಿ ಅದು ಪತ್ರಿಕೆಯಲ್ಲೂ ಅಚ್ಚಾಯಿತು. 1930ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಮಿನ್ಯೆಯ 'ಹಾರುವ ಚಿಗಟ' ಎಂಬ ವಿಮಾನಕ್ಕೆ ಜನ ಮುಗಿಬಿದ್ದರು. ಅದರ ಮುಂದಿನ ರೆಕ್ಕೆ ಹಿಂದಿನ ರೆಕ್ಕೆಯ ಮೇಲೆ ಬೀರುತ್ತಿದ್ದ ಪ್ರಭಾವದಿಂದ ಕೆಲವು ವಿಮಾನಗಳು ಮೂಗು ತಗ್ಗಿಸಿದವು ಮತ್ತೆ ಎತ್ತಲೇ ಇಲ್ಲ. ಸಾವುಗಳಾದವು, ನಿಷೇಧ ಬಂತು. ಇವತ್ತು ನಾವು ಸಾವಿರಾರು ಗಂಟೆ ಹಾರಿ ಸಾಬೀತಾದ ವಿನ್ಯಾಸದ ಕಿಟ್ ತರಿಸಿಕೊಳ್ಳುತ್ತೇವಲ್ಲ, ಅದರ ಹಿಂದೆ ಇಂಥ ಲೆಕ್ಕಗಳಿವೆ.

ಇದಕ್ಕೆ ಕಾನೂನು ಒಪ್ಪುತ್ತದಾ?

ಹಲವು ದೇಶಗಳಲ್ಲಿ ಒಪ್ಪುತ್ತದೆ, ಷರತ್ತುಗಳ ಮೇಲೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮದ ಪ್ರಕಾರ ಕೆಲಸದ ಬಹುಪಾಲನ್ನು ಕಲಿಕೆಗಾಗಿಯೋ ಹವ್ಯಾಸಕ್ಕಾಗಿಯೋ ಹವ್ಯಾಸಿಗಳೇ ಮಾಡಿರಬೇಕು. ಇದಕ್ಕೇ '51 ಪರ್ಸೆಂಟ್ ನಿಯಮ' ಎಂಬ ಅಡ್ಡಹೆಸರು. ಬ್ರಿಟನ್ನಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನ ಇನ್ಸ್‌ಪೆಕ್ಟರ್ ಹಂತಹಂತವಾಗಿ ಬಂದು ನೋಡಿ ಸಹಿ ಹಾಕುತ್ತಾರೆ. ಕೊನೆಗೆ 'ಪರ್ಮಿಟ್ ಟು ಫ್ಲೈ' ಸಿಗುತ್ತದೆ. ನಿಮ್ಮ ದೇಶದ ನಿಯಮವನ್ನು ಕಿಟ್‌ಗೆ ದುಡ್ಡು ಕಟ್ಟುವ ಮೊದಲೇ ಓದಿಕೊಳ್ಳಿ. ಒಡಲು ಮುಚ್ಚಿದ ಮೇಲೆ ಬಂದ ಇನ್ಸ್‌ಪೆಕ್ಟರ್ 'ಒಳಗಿನದನ್ನು ತೋರಿಸಿ' ಅಂದರೆ ಮುಚ್ಚಿದ್ದನ್ನು ಬಿಚ್ಚುವುದೊಂದೇ ದಾರಿ.

ಇನ್ನೊಂದು ವಿಷಯ: ಈ ವಿಮಾನದಲ್ಲಿ ಜನರನ್ನು ಕೂರಿಸಿ ಬಾಡಿಗೆ ದುಡಿಯುವ ಹಾಗಿಲ್ಲ. ಆ ಲೆಕ್ಕದಲ್ಲಿ ಶುರು ಮಾಡುವವರಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ನಾನು ಎಂಜಿನಿಯರ್ ಅಲ್ಲ. ನನ್ನ ಕೈಲಿ ಆಗುತ್ತದಾ?

ಡಾಕ್ಟರು, ಮೇಷ್ಟ್ರು, ಲಾರಿ ಡ್ರೈವರು ಎಲ್ಲರೂ ಕಟ್ಟಿದ್ದಾರೆ. ಬೇಕಾದ ಕೈಕೆಲಸಗಳು ಬೆರಳೆಣಿಕೆಯವು: ಡ್ರಿಲ್ ನೇರ ಹಿಡಿಯುವುದು, ಅಂಚು ನುಣುಪು ಮಾಡುವುದು, ರಿವೆಟ್ (ತಗಡುಗಳನ್ನು ಸೇರಿಸಿ ಹಿಡಿಯುವ ಲೋಹದ ಮೊಳೆ) ಹೊಡೆಯುವುದು, ಬೋಲ್ಟನ್ನು ಅಳತೆಗೆ ಬಿಗಿಯುವುದು. ಒಂದೊಂದನ್ನೂ ಒಂದು ವಾರಾಂತ್ಯದಲ್ಲಿ ಕಲಿಯಬಹುದು. ಕಲಿತದ್ದನ್ನು ಸಾವಿರ ಸಲ ಒಂದೇ ಥರ ಮಾಡಬೇಕು, ಅಷ್ಟೆ.

ಬೇಕಾದ್ದು ಬೇರೆಯದೇ ಒಂದು ಸ್ವಭಾವ. ಕೆಲಸ ಕೆಟ್ಟಿದೆ ಎಂದು ನಿಮಗೊಬ್ಬರಿಗೇ ಗೊತ್ತಿದ್ದಾಗ, ಯಾರೂ ಕೇಳದಿದ್ದರೂ, ಅದನ್ನು ಬಿಚ್ಚಿ ಮತ್ತೆ ಮಾಡುವ ಮನಸ್ಸು. ಎಂಜಿನಿಯರುಗಳಿಗೆ ಇದು ತಾನಾಗಿ ಬಂದಿರುತ್ತದೆ ಅಂತೇನಿಲ್ಲ. 'ಕಂಪನಿಯವರಿಗಿಂತ ನಾನು ಚೆನ್ನಾಗಿ ಲೆಕ್ಕ ಹಾಕಿದ್ದೇನೆ' ಎಂದು ಹೊರಡುವವರಲ್ಲಿ ಅವರೇ ಜಾಸ್ತಿ!

ಎಷ್ಟು ದಿನ ಬೇಕು?

ದಿನದಲ್ಲಿ ಲೆಕ್ಕ ಹಾಕಬೇಡಿ, ಗಂಟೆಯಲ್ಲಿ ಹಾಕಿ. ವ್ಯಾನ್ಸ್ ಕಂಪನಿಯ ಆರ್‌ವಿ-7 ಥರದ ಇಬ್ಬರ ಅಲ್ಯೂಮಿನಿಯಂ ವಿಮಾನಕ್ಕೆ ಸಾಮಾನ್ಯವಾಗಿ 1,500ರಿಂದ 2,000 ಗಂಟೆ ಅನ್ನುತ್ತಾರೆ. ವಾರಕ್ಕೆ 10 ಗಂಟೆ ಕೊಟ್ಟರೆ 2,000 ಗಂಟೆಗೆ 200 ವಾರ, ಅಂದರೆ ಹತ್ತಿರ ಹತ್ತಿರ ನಾಲ್ಕು ವರ್ಷ. ಅದರ ನಡುವೆ ಜ್ವರ, ಮದುವೆ ಮುಂಜಿ, ಮಕ್ಕಳ ಪರೀಕ್ಷೆ, ಬರಬೇಕಾದ ಭಾಗ ಬರದೆ ಕಾಯುವುದು ಎಲ್ಲ ಸೇರಿಸಿಕೊಳ್ಳಿ. ನನ್ನ ಏಳು ವರ್ಷ ಆದದ್ದು ಹೀಗೆ.

'ಕ್ವಿಕ್ ಬಿಲ್ಡ್' ಕಿಟ್‌ನಲ್ಲಿ ರೆಕ್ಕೆ ಮತ್ತು ಒಡಲಿನ ದೊಡ್ಡ ಕೆಲಸ ಮಾಡಿಯೇ ಕಳಿಸುತ್ತಾರೆ. ಸಮಯ ಉಳಿಯುತ್ತದೆ, ದುಡ್ಡು ಉಳಿಯುವುದಿಲ್ಲ.

ಒಂದು ಕಿವಿಮಾತು: ದಿನವೂ ಗ್ಯಾರೇಜಿಗೆ ಹೋಗಿ, ಹತ್ತೇ ನಿಮಿಷವಾದರೂ ಸರಿ. ಒಂದು ತಗಡಿನ ಅಂಚು ಉಜ್ಜಿ ಬಂದರೂ ಸರಿ. ಎರಡು ವಾರ ಬಾಗಿಲು ತೆರೆಯಲಿಲ್ಲ ಅಂದರೆ ಎರಡು ತಿಂಗಳು ತೆರೆಯುವುದಿಲ್ಲ. ಮಾರಾಟಕ್ಕೆ ಬರುವ ಅರ್ಧಂಬರ್ಧ ವಿಮಾನಗಳ ಕಥೆ ಬಹುಪಾಲು ಹೀಗೇ ಶುರುವಾಗುತ್ತದೆ.

ಅಲ್ಯೂಮಿನಿಯಂ, ಫೈಬರ್, ಮರ, ಬಟ್ಟೆ: ಯಾವುದು ಒಳ್ಳೆಯದು?

ಎಲ್ಲವೂ ಹಾರುತ್ತವೆ. ನಿಮಗೆ ಯಾವ ವಾಸನೆ, ಯಾವ ಸದ್ದು ಸಹಿಸಲು ಆಗುತ್ತದೆ ಅನ್ನುವುದೇ ಪ್ರಶ್ನೆ.

ಅಲ್ಯೂಮಿನಿಯಂ ಸದ್ದಿನ ಕೆಲಸ. ಹೊದಿಕೆಗೆ ಸಾಮಾನ್ಯವಾಗಿ 2024-ಟಿ3 ಎಂಬ ಮಿಶ್ರಲೋಹದ ತಗಡು. ಅದರ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತದೆ. ತುಕ್ಕು ತಡೆಯುವುದು ಆ ಪದರವೇ, ಹಾಗಾಗಿ ಆಳವಾದ ಗೀರು ಬಿದ್ದರೆ ಬರೀ ಅಂದ ಕೆಟ್ಟಿತು ಅಂತ ಬಿಡುವ ಹಾಗಿಲ್ಲ. ಇದರ ದೊಡ್ಡ ಅನುಕೂಲವೆಂದರೆ ಕೆಲಸ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು, ಕೆಟ್ಟರೆ ಬಿಚ್ಚಬಹುದು. ರಿವೆಟ್ ಗನ್ ಬೇಡ ಅನ್ನುವವರಿಗೆ ಜೆನಿತ್ ಸಿಎಚ್ 750 ಥರದವು ಇವೆ: ಒಂದೇ ಕಡೆಯಿಂದ ಎಳೆದು ಕೂರಿಸುವ ಪಾಪ್ ರಿವೆಟ್, ಸರಳ ಕೆಲಸ.

ಫೈಬರ್, ಅಂದರೆ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ, ಅಂದರೆ ರೆಸಿನ್ ಮತ್ತು ಹಾರ್ಡ್‌ನರ್ ಬೆರೆಸಿದರೆ ಗಟ್ಟಿಯಾಗುವ ಅಂಟು. ವಿಮಾನ ವಿನ್ಯಾಸಕ ಬರ್ಟ್ ರೂಟಾನ್ 1970ರ ದಶಕದಲ್ಲಿ ವೇರಿ-ಈಝೀ ವಿಮಾನದೊಂದಿಗೆ ಇದನ್ನು ಮನೆಮನೆಗೆ ತಂದರು: ಫೋಮ್ ಅನ್ನು ಬಿಸಿ ತಂತಿಯಲ್ಲಿ ರೆಕ್ಕೆಯಾಕಾರಕ್ಕೆ ಕೊಯ್ದು, ಮೇಲೆ ಗಾಜಿನ ಬಟ್ಟೆ ಹಾಸಿ, ಎಪಾಕ್ಸಿ ಕುಡಿಸುವುದು. ಮೋಲ್ಡ್ ಬೇಕಿಲ್ಲ. ಮೈ ನುಣುಪು, ವೇಗ ಚೆನ್ನಾಗಿರುತ್ತದೆ. ಆದರೆ ರೆಸಿನ್ ಮತ್ತು ಹಾರ್ಡ್‌ನರ್ ಅಳತೆ ತಪ್ಪಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬಿಸಿಲಿನ ಕಾವಿಗೆ ಎಪಾಕ್ಸಿ ಮೆತ್ತಗಾಗಬಾರದೆಂದು ಈ ವಿಮಾನಗಳಿಗೆಲ್ಲ ಬಿಳಿ ಬಣ್ಣ. ಮತ್ತೆ ಉಜ್ಜುವುದು: ಉಜ್ಜಿ, ತುಂಬಿ, ಮತ್ತೆ ಉಜ್ಜಿ. ಎಪಾಕ್ಸಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಒಮ್ಮೆ ಅಲರ್ಜಿ ಹತ್ತಿದರೆ ಬಿಡುವುದೂ ಇಲ್ಲ. ಕೈಗವಸು ಹಾಕದೆ ಮುಟ್ಟಬೇಡಿ.

ಉಕ್ಕಿನ ಕೊಳವೆ ಮತ್ತು ಬಟ್ಟೆ: ಕಿಟ್‌ಫಾಕ್ಸ್ ಈ ಜಾತಿ. ವೆಲ್ಡ್ ಆದ ಚೌಕಟ್ಟು ಬರುತ್ತದೆ, ಅದರ ಮೇಲೆ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ ಇಸ್ತ್ರಿಪೆಟ್ಟಿಗೆಯಿಂದ ಕಾಯಿಸುತ್ತೀರಿ. ಸುಕ್ಕುಗಟ್ಟಿದ ಬಟ್ಟೆ ಕಣ್ಣೆದುರಿಗೇ ತಮಟೆಯ ಹಾಗೆ ಬಿಗಿಯಾಗುತ್ತದೆ. ಇಡೀ ವಿಮಾನ ಕಟ್ಟುವ ಕೆಲಸದಲ್ಲಿ ಇಷ್ಟು ಖುಷಿ ಕೊಡುವ ಇನ್ನೊಂದು ಕ್ಷಣ ನಾನು ಕಂಡಿಲ್ಲ, ಅದೂ ಬೇರೆಯವರ ಗ್ಯಾರೇಜಿನಲ್ಲಿ.

ಮರ: ಸ್ಪ್ರೂಸ್ ಮರ, ವಿಮಾನದರ್ಜೆಯ ಪ್ಲೈವುಡ್, ಅಂಟು. ಮರಗೆಲಸ ಗೊತ್ತಿದ್ದವರಿಗೆ ಹೇಳಿ ಮಾಡಿಸಿದ್ದು. ತೇವ ಇದರ ಶತ್ರು.

ಯಾವ ಮಾಡೆಲ್ ಆರಿಸಲಿ?

ಮೊದಲು ಕೇಳಿಕೊಳ್ಳಿ: ಹತ್ತರಲ್ಲಿ ಎಂಟು ಸಲ ನಾನು ಎಲ್ಲಿಗೆ, ಎಷ್ಟು ಜನರೊಡನೆ, ಎಂಥ ರನ್‌ವೇಯಿಂದ ಹಾರುತ್ತೇನೆ? ಹುಲ್ಲುಗಾವಲಿನಲ್ಲಿ ಇಳಿಯಬೇಕು, ಗಂಟೆಗೆ 300 ಕಿ.ಮೀ. ಹೋಗಬೇಕು, ನಾಲ್ಕು ಜನ ಕೂರಬೇಕು, ಪೆಟ್ರೋಲೂ ಕಡಿಮೆ ಕುಡಿಯಬೇಕು ಅಂದರೆ ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದ ಹಾಗಾಯಿತು.

ಹೆಚ್ಚು ಸಂಖ್ಯೆಯಲ್ಲಿ ಹಾರುತ್ತಿರುವ ಮಾಡೆಲ್ ಆರಿಸಿ. ವ್ಯಾನ್ಸ್‌ನ ಆರ್‌ವಿ ಸಾಲಿನ ವಿಮಾನಗಳು 10,000ಕ್ಕೂ ಹೆಚ್ಚು ಹಾರಿವೆ. ನಿಮಗೆ ಬರುವ ಅನುಮಾನ ಇನ್ನಾರಿಗೋ ಆಗಲೇ ಬಂದಿರುತ್ತದೆ, ಉತ್ತರವೂ ಸಿಕ್ಕಿರುತ್ತದೆ. ಹಾಗೆಂದು ದೊಡ್ಡ ಹೆಸರೆಂದು ಕಣ್ಣುಮುಚ್ಚಿ ನಂಬುವುದೂ ಬೇಡ. ಅದೇ ವ್ಯಾನ್ಸ್ 2023ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಕೋರ್ಟಿಗೆ ಹೋಗಿ, ಬೆಲೆ ಏರಿಸಿ, 2024ರಲ್ಲಿ ಚೇತರಿಸಿಕೊಂಡಿತು. ಇಡೀ ಕಿಟ್‌ಗೆ ಒಟ್ಟಿಗೆ ಮುಂಗಡ ಕೊಡಬೇಡಿ. ಬಾಲದ ಕಿಟ್ ಒಂದನ್ನೇ ಮೊದಲು ತರಿಸಿ. ಚಿಕ್ಕ ಪೆಟ್ಟಿಗೆ, ಎಲ್ಲ ಬಗೆಯ ಕೆಲಸವೂ ಅದರಲ್ಲಿ ಒಂದೊಂದು ಚೂರು ಇರುತ್ತದೆ. ಅದು ಮುಗಿಯುವ ಹೊತ್ತಿಗೆ ಈ ಹವ್ಯಾಸ ನಿಮ್ಮದೋ ಅಲ್ಲವೋ ಗೊತ್ತಾಗುತ್ತದೆ.

ಜಾಗ ಎಷ್ಟು ಬೇಕು?

ಎರಡು ಕಾರು ನಿಲ್ಲುವ ಗ್ಯಾರೇಜ್ ಸಾಕು. ರೆಕ್ಕೆಗಳನ್ನು ಬೇರೆಯಾಗಿ ಕಟ್ಟಿ ಗೋಡೆಗೆ ಒರಗಿಸಿಡುತ್ತೀರಿ, ಕೊನೆಗೆ ಎಲ್ಲವನ್ನೂ ಹ್ಯಾಂಗರ್‌ಗೆ ಸಾಗಿಸಿ ಜೋಡಿಸುತ್ತೀರಿ. ನೆಲಮಾಳಿಗೆಯಲ್ಲಿ ಕಟ್ಟುವವರು ಮೆಟ್ಟಿಲನ್ನೂ ಬಾಗಿಲನ್ನೂ ಟೇಪ್ ಹಿಡಿದು ಅಳೆಯಿರಿ. ಕಟ್ಟಿದ ಮೇಲೆ ಗೋಡೆ ಒಡೆದವರಿದ್ದಾರೆ.

ಮನೆಯವರು ಒಪ್ಪುತ್ತಿಲ್ಲ.

ಅವರು ಹೇಳುವುದರಲ್ಲೂ ನ್ಯಾಯವಿದೆ. ನಾಲ್ಕೈದು ವರ್ಷದ ಸಂಜೆಗಳನ್ನು ನೀವು ಒಬ್ಬರೇ ಖರ್ಚು ಮಾಡುತ್ತಿಲ್ಲ. ರಿವೆಟ್ ಗನ್ನಿನ ಸದ್ದಿಗೆ ಗಂಟೆ ಗೊತ್ತುಮಾಡಿ: ರಾತ್ರಿ ಎಂಟರ ಮೇಲೆ ಅಂಚು ಉಜ್ಜುವುದು, ಓದುವುದು, ವೈರು ಕಟ್ಟುವುದು ಮಾತ್ರ. ಪಕ್ಕದ ಮನೆಯವರನ್ನು ಮೊದಲ ವಾರವೇ ಕರೆದು ತೋರಿಸಿ. ಏನು ಸದ್ದು ಅಂತ ಗೊತ್ತಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಖರ್ಚು?

ಮೊತ್ತ ಹೇಳುವುದಿಲ್ಲ, ಬರೆದ ಮರುವರ್ಷವೇ ಸುಳ್ಳಾಗುತ್ತದೆ. ಪಾಲು ಹೇಳುತ್ತೇನೆ. ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಏರ್‌ಫ್ರೇಮ್ ಕಿಟ್‌ನ ಬೆಲೆ. ಎಂಜಿನ್, ಪ್ರೊಪೆಲ್ಲರ್, ಮೀಟರುಗಳು, ರೇಡಿಯೊ, ವೈರಿಂಗ್, ಸೀಟು, ಬಣ್ಣ ಎಲ್ಲ ಅದರ ಮೇಲೆ. ಎಂಜಿನ್ ಮತ್ತು ಪ್ರೊಪೆಲ್ಲರ್ ಎರಡೇ ಸೇರಿ ಕಿಟ್‌ನ ಬೆಲೆಯನ್ನು ಮೀರುವುದು ಮಾಮೂಲು. ಉಪಕರಣ, ಸಾಗಣೆ, ಹ್ಯಾಂಗರ್ ಬಾಡಿಗೆ, ವಿಮೆಯನ್ನು ಬಹಳ ಜನ ಮರೆಯುತ್ತಾರೆ. ಒಂದು ಸಮಾಧಾನವೆಂದರೆ ಎಲ್ಲವೂ ಒಂದೇ ದಿನ ಬೇಕಿಲ್ಲ. ಎಂಜಿನ್ ಅನ್ನಂತೂ ಬೇಕಾಗುವ ತನಕ ಕೊಳ್ಳಬೇಡಿ. ಓಡದೆ ಕೂತ ಎಂಜಿನ್ನಿಗೆ ಒಳಗೇ ತುಕ್ಕು ಹಿಡಿಯುತ್ತದೆ.

ಯಾವ ಉಪಕರಣಗಳು?

ಅಲ್ಯೂಮಿನಿಯಂ ಕೆಲಸಕ್ಕೆ ಏರ್ ಕಂಪ್ರೆಸರ್, ಗಾಳಿಯಲ್ಲಿ ಓಡುವ ಡ್ರಿಲ್, ರಿವೆಟ್ ಗನ್, ರಿವೆಟ್ ಅನ್ನು ಹಿಂಡಿ ಕೂರಿಸುವ ಸ್ಕ್ವೀಜರ್, ಒಂದಷ್ಟು ಬಕಿಂಗ್ ಬಾರ್, ಡಿಂಪಲ್ ಡೈ, ಅಂಚು ತೆಗೆಯುವ ಕೈಸಾಧನ, ಬೋಲ್ಟನ್ನು ಅಳತೆಗೆ ಬಿಗಿಯುವ ಟಾರ್ಕ್ ರೆಂಚ್. ಮತ್ತೆ ಕ್ಲೀಕೊ ಎಂಬ ಪುಟಾಣಿ ಕ್ಲಿಪ್ಪುಗಳು, ನೂರಾರು. ರಿವೆಟ್ ಹೊಡೆಯುವ ತನಕ ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವುದು ಇವೇ: 3/32 ಇಂಚಿನ ತೂತಿಗೆ ಬೆಳ್ಳಿ ಬಣ್ಣದ್ದು, 1/8ಕ್ಕೆ ತಾಮ್ರದ ಬಣ್ಣದ್ದು. ಎಷ್ಟು ಕೊಂಡರೂ ಕೊನೆಗೆ ಇಪ್ಪತ್ತು ಕಡಿಮೆ ಬೀಳುತ್ತವೆ. ಬೇರೆ ಯಾವುದರಲ್ಲಿ ಜಿಪುಣತನ ಮಾಡಿದರೂ ಸ್ಕ್ವೀಜರ್ ಮತ್ತು ಕಿವಿಯ ರಕ್ಷಣೆಯಲ್ಲಿ ಮಾಡಬೇಡಿ.

ರಿವೆಟ್ ಹೊಡೆಯುವುದು ಕಷ್ಟವಾ?

ಹತ್ತನೆಯದು ಕಷ್ಟ, ನೂರನೆಯದು ಸಲೀಸು, ಸಾವಿರದ ಹತ್ತಿರ ಬಂದಾಗ ಮೈಮರೆತು ಒಂದನ್ನು ಕೆಡಿಸುತ್ತೀರಿ. ಇಂಥ ವಿಮಾನಕ್ಕೆ ರಿವೆಟ್‌ಗಳು ಹತ್ತು ಸಾವಿರ ದಾಟುತ್ತವೆ.

ಕೆಲಸ ಹೀಗೆ. ತೂತು ಕೊರೆದ ಮೇಲೆ ಅದರ ಅಂಚಿನಲ್ಲಿ ಏಳುವ ಮುಳ್ಳನ್ನು ಎರಡೂ ಕಡೆ ತೆಗೆಯಬೇಕು. ಬಿಟ್ಟರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಹೊರಮೈ ನುಣುಪಾಗಿರಬೇಕಾದಲ್ಲಿ ತಗಡನ್ನು ಡೈ ಒತ್ತಿ ತೂತಿನ ಸುತ್ತ ಕುಳಿ ಮಾಡಬೇಕು, ರಿವೆಟ್‌ನ ಚಪ್ಪಟೆ ತಲೆ ಅದರಲ್ಲಿ ಮುಳುಗಿ ಕೂರುತ್ತದೆ. ಆಮೇಲೆ ಇಬ್ಬರು ಬೇಕು. ಹೊರಗಿನವರ ಕೈಯಲ್ಲಿ ಗನ್, ಒಳಗೆ ತೋಳು ತೂರಿಸಿದವರ ಕೈಯಲ್ಲಿ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿ. ಒಳಗಿನವರು ಗಟ್ಟಿಯನ್ನು ರಿವೆಟ್‌ನ ಬಾಲಕ್ಕೆ ಚಪ್ಪಟೆಯಾಗಿ ಒತ್ತಿ 'ಹೂಂ' ಅಂದ ಮೇಲೆಯೇ ಗನ್ ಒತ್ತಬೇಕು. ಸದ್ದು ನಿಂತ ಮೇಲೆಯೇ ಗಟ್ಟಿ ತೆಗೆಯಬೇಕು. ಈ ಕ್ರಮ ತಪ್ಪಿದರೆ ರಿವೆಟ್ ಕೆಡುವುದಲ್ಲದೆ ತಗಡೂ ತಗ್ಗಾಗುತ್ತದೆ. ಗನ್ ಜಾರಿದರೆ ತಗಡಿನ ಮೇಲೆ ಬೀಳುವ ಅರ್ಧಚಂದ್ರದ ಗುರುತಿಗೆ ಕಟ್ಟುವವರೆಲ್ಲ 'ಸ್ಮೈಲಿ' ಅನ್ನುತ್ತಾರೆ. ಬಿದ್ದ ದಿನ ನಗು ಬರುವುದಿಲ್ಲ.

ಸರಿ ಕೂತ ರಿವೆಟ್‌ನ ಒಳತಲೆಯ ಅಗಲ ಅದರ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು. 1/8 ಇಂಚಿನದಾದರೆ ಅಗಲ ಸುಮಾರು 4.8 ಮಿ.ಮೀ., ಎತ್ತರ 1.6 ಮಿ.ಮೀ. ಇದಕ್ಕೊಂದು ಗೇಜ್ ಸಿಗುತ್ತದೆ, ಅದು ಯಾವಾಗಲೂ ಜೇಬಿನಲ್ಲಿರಲಿ. ಒಂದೆರಡು ಸಾವಿರ ಹೊಡೆದ ಮೇಲೆ ಕಿವಿಗೇ ಗೊತ್ತಾಗುತ್ತದೆ. ರಿವೆಟ್ ತುಂಬಿಕೊಳ್ಳುತ್ತಿದ್ದಂತೆ ಗನ್ನಿನ ಸದ್ದು ಟೊಳ್ಳಿನಿಂದ ಗಟ್ಟಿಗೆ ತಿರುಗುತ್ತದೆ.

ತಪ್ಪಾದರೆ ಏನು ಮಾಡುವುದು?

ತಪ್ಪು ಆಗಿಯೇ ಆಗುತ್ತದೆ. ಕೆಟ್ಟ ರಿವೆಟ್ ತೆಗೆಯುವುದು ಸುಲಭ: ತಲೆಯ ನಡುಮಧ್ಯೆ, ತಲೆಯ ಆಳದಷ್ಟು ಮಾತ್ರ ಡ್ರಿಲ್ ಮಾಡಿ, ತಲೆಯನ್ನು ಎಗರಿಸಿ, ಹಿಂಬದಿಗೆ ಆಸರೆ ಕೊಟ್ಟು ಉಳಿದದ್ದನ್ನು ತಟ್ಟಿ ಹೊರಗೆ ಹಾಕಿ. ಅವಸರ ಮಾಡಿದರೆ ತೂತು ಅಗಲವಾಗಿ ಇದ್ದ ತಪ್ಪು ದೊಡ್ಡದಾಗುತ್ತದೆ. ಸ್ವಲ್ಪವೇ ವಾಲಿದ ರಿವೆಟ್ ಅನ್ನು ಸರಿ ಮಾಡಹೋಗಿ ತೂತು ಕೆಡಿಸುವುದಕ್ಕಿಂತ ಹಾಗೇ ಬಿಡುವುದು ಎಷ್ಟೋ ಸಲ ಜಾಣತನ.

ನನ್ನ ಕಥೆ ಹೇಳಿಬಿಡುತ್ತೇನೆ. ಎಲಿವೇಟರ್‌ನ (ಮೂಗನ್ನು ಏರಿಸಿ ಇಳಿಸುವ ಬಾಲದ ಹಲಗೆ) ಸ್ಪಾರ್‌ನಲ್ಲಿ, ಅಂದರೆ ಅದರ ಬೆನ್ನುಮೂಳೆಯಂಥ ಭಾಗದಲ್ಲಿ, ಡ್ರಿಲ್ ಬಿಟ್ ಜಾರಿ ಎರಡು ತೂತು ಒಂದಕ್ಕೊಂದು ಸೇರಿ ಇಂಗ್ಲಿಷ್ 8ರ ಆಕಾರವಾಯಿತು. ರಾತ್ರಿ ಹನ್ನೊಂದೂವರೆ, ಇನ್ನೆರಡು ತೂತು ಮುಗಿಸಿ ಮಲಗೋಣ ಅಂದುಕೊಂಡಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಅದರ ಮೇಲೆ ಒಂದು ಟವೆಲ್ ಹೊದಿಸಿ ದೀಪ ಆರಿಸಿದೆ. ಮೂರು ವಾರ ಆ ಟವೆಲ್ ತೆಗೆಯಲಿಲ್ಲ. ಬೇರೆ ಕೆಲಸ ಮಾಡಿದೆ, ಅದರ ಸುತ್ತಲೇ ಓಡಾಡಿದೆ, ದಪ್ಪ ರಿವೆಟ್ ಹಾಕಿದರೆ ಮುಚ್ಚಿಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ವಾದ ಮಾಡಿದೆ. ನಾಲ್ಕನೇ ವಾರ ಫೋಟೊ ತೆಗೆದು ಕಿಟ್ ಕಂಪನಿಗೆ ಕಳಿಸಿದೆ. ಬಂದ ಉತ್ತರ ಒಂದೇ ಸಾಲು: ಬದಲಿಸಿ. ಹೊಸ ಸ್ಪಾರ್ ಬರಲು ಒಂದೂವರೆ ತಿಂಗಳು, ಅದನ್ನು ಹಾಕಲು ಎರಡು ದಿನ. ಹಳೆಯದು ಈಗಲೂ ಗ್ಯಾರೇಜಿನ ಬಾಗಿಲ ಮೇಲೆ ನೇತಾಡುತ್ತಿದೆ.

ಅದಾದ ಮೇಲೆ ಒಂದು ನಿಯಮ ಮಾಡಿಕೊಂಡೆ. ಸುಸ್ತಾದಾಗ, ಸಿಟ್ಟು ಬಂದಾಗ, ಯಾರೋ ಕಾಯುತ್ತಿರುವಾಗ ಡ್ರಿಲ್ ಮುಟ್ಟುವುದಿಲ್ಲ.

ತಗಡಿನ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಬಹುದಾ?

ಬೇಡ. ಪೆನ್ಸಿಲ್‌ನ ಗ್ರಾಫೈಟ್ ಅಲ್ಯೂಮಿನಿಯಂ ಜೊತೆ ಸೇರಿ, ತೇವ ಸಿಕ್ಕಿದರೆ ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡಿ ಆ ಗೆರೆಯುದ್ದಕ್ಕೂ ಲೋಹವನ್ನು ತಿನ್ನುತ್ತದೆ. ಮೊಳೆಯಿಂದ ಗೀರುವುದಂತೂ ಬೇಡವೇ ಬೇಡ. ಮಾರ್ಕರ್ ಪೆನ್ ಬಳಸಿ.

ಪೆಟ್ರೋಲ್ ಟ್ಯಾಂಕ್ ನಾವೇ ಮಾಡಬೇಕಾ?

ಹಲವು ಕಿಟ್‌ಗಳಲ್ಲಿ ರೆಕ್ಕೆಯ ಮುಂಭಾಗವೇ ಟ್ಯಾಂಕ್. ಪ್ರತಿ ರಿವೆಟ್, ಪ್ರತಿ ಸಂದಿಗೂ ಕಪ್ಪು ಅಂಟಿನಂಥ ಸೀಲಂಟ್ ಹಚ್ಚಿ ಮುಚ್ಚಬೇಕು. ಅದು ಕೈಗೆ, ಕೂದಲಿಗೆ, ಬಾಗಿಲ ಹಿಡಿಗೆ, ಕೊನೆಗೆ ನಾಯಿಗೂ ಹತ್ತುತ್ತದೆ. ಹಾಳು ಬಟ್ಟೆ ಹಾಕಿಕೊಂಡು ಕೂರಿ. ಒಣಗಿದ ಮೇಲೆ ಟ್ಯಾಂಕಿಗೆ ಸ್ವಲ್ಪವೇ ಗಾಳಿ ತುಂಬಿ, ಒಂದು ಕೊಳವೆಗೆ ಬಲೂನ್ ಕಟ್ಟಿ, ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದಾ ನೋಡುತ್ತಾರೆ. ಬಲೂನ್ ಇದ್ದರೆ ಒತ್ತಡ ಮಿತಿ ಮೀರಿ ಟ್ಯಾಂಕ್ ಉಬ್ಬುವುದಿಲ್ಲ. ಬಿಸಿಲೇರಿದಂತೆ ಬಲೂನ್ ಉಬ್ಬಿ, ಸಂಜೆಗೆ ಕುಗ್ಗಿದರೆ ಅದು ಹವಾಮಾನ, ಸೋರಿಕೆ ಅಲ್ಲ. ಇದು ಗೊತ್ತಾಗದೆ ನಾನು ಒಂದು ಭಾನುವಾರ ಪೂರ್ತಿ ಗುಳ್ಳೆ ಹುಡುಕಿದ್ದೇನೆ.

ವಿನ್ಯಾಸದಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿಕೊಳ್ಳಬಹುದಾ?

ಕಾನೂನು ಬಿಡಬಹುದು. ನಾನು ಬೇಡ ಅನ್ನುತ್ತೇನೆ. ಸೀಟಿನ ಬಟ್ಟೆ, ಮೀಟರಿನ ಜಾಗ ನಿಮ್ಮಿಷ್ಟ. ಸ್ಪಾರ್, ಕಂಟ್ರೋಲ್, ಇಂಧನ, ಈ ಮೂರನ್ನು ಮುಟ್ಟಬೇಡಿ.

1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ರೂಟಾನ್ ವಿನ್ಯಾಸದ ಲಾಂಗ್-ಈಝೀ ವಿಮಾನ ಬಿದ್ದು ಸತ್ತರು. ಅದು ಬೇರೆಯವರು ಕಟ್ಟಿದ್ದು. ಡೆನ್ವರ್ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ರೂಟಾನ್ ನಕ್ಷೆಯ ಪ್ರಕಾರ ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ಆರಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದಕ್ಕೆ ಸರಿಸಿದ್ದರು. ಹಾರುತ್ತಿರುವಾಗ ಅದನ್ನು ತಿರುಗಿಸಬೇಕಾದರೆ ಮೈ ತಿರುಚಿ ಹಿಂದೆ ಕೈಚಾಚಬೇಕು. ಹಾಗೆ ತಿರುಚಿದಾಗ ಕಾಲು ತನಗೆ ತಿಳಿಯದೆ ಬಲ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಪೆಡಲ್ ಒತ್ತಿಬಿಡುವ ಸಾಧ್ಯತೆ ಇತ್ತು. ಇಂಧನ ಕಡಿಮೆ ಇದ್ದದ್ದು, ಹಿಡಿಗೆ ಗುರುತು ಇಲ್ಲದಿದ್ದದ್ದು, ಅದು ಕೈಗೆಟುಕದ ಜಾಗದಲ್ಲಿದ್ದದ್ದು ಎಲ್ಲವನ್ನೂ ಅಮೆರಿಕದ ಸಾರಿಗೆ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಪಟ್ಟಿ ಮಾಡಿತು. ಹಿಡಿಯನ್ನು ಸರಿಸಿದವರ ಉದ್ದೇಶವೇನೂ ಕೆಟ್ಟದ್ದಾಗಿರಲಿಲ್ಲ. ಕೂತು ಯೋಚಿಸಿದಾಗ ಚೆನ್ನಾಗಿಯೇ ಕಾಣುವ ಬದಲಾವಣೆ ಹಾರುವಾಗ ಹೇಗಿರುತ್ತದೆ ಎಂದು ಗ್ಯಾರೇಜಿನಲ್ಲಿ ತಿಳಿಯುವುದಿಲ್ಲ.

ಕಾರಿನ ಎಂಜಿನ್ ಹಾಕಬಹುದಾ? ಅಗ್ಗವಲ್ಲವಾ?

ಹಾಕಿ ಹಾರಿಸುವವರಿದ್ದಾರೆ, ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಎಂಜಿನ್ನಿಗಂತೂ ದೊಡ್ಡ ಇತಿಹಾಸವಿದೆ. ಆದರೆ ಕಾರಿನ ಎಂಜಿನ್ ರಸ್ತೆಯಲ್ಲಿ ತನ್ನ ಶಕ್ತಿಯ ಸ್ವಲ್ಪ ಪಾಲಿನಲ್ಲಿ ಓಡುತ್ತಿರುತ್ತದೆ. ವಿಮಾನದಲ್ಲಿ ಮುಕ್ಕಾಲು ಪಾಲು ಶಕ್ತಿಯನ್ನು ಗಂಟೆಗಟ್ಟಲೆ ಎಡೆಬಿಡದೆ ಕೊಡಬೇಕು. ಅದರ ವೇಗವೂ ಪ್ರೊಪೆಲ್ಲರಿಗೆ ಜಾಸ್ತಿಯಾದ್ದರಿಂದ ನಡುವೆ ಗೇರ್‌ಬಾಕ್ಸ್ ಬೇಕು, ತಿರುಚುವ ಕಂಪನಕ್ಕೆ ಮುರಿಯುವುದು ಅದೇ. ರೋಟ್ಯಾಕ್ಸ್ 912 ಎಂಜಿನ್ ಮೊದಲಿಂದಲೇ ಗೇರ್ ಇಟ್ಟು ವಿಮಾನಕ್ಕೆಂದೇ ಮಾಡಿದ್ದು: ನಿಮಿಷಕ್ಕೆ 5,800 ಸುತ್ತನ್ನು 2.43ರಿಂದ ಭಾಗಿಸಿ ಪ್ರೊಪೆಲ್ಲರಿಗೆ 2,400ರ ಹತ್ತಿರ ತಲುಪಿಸುತ್ತದೆ. ಇನ್ನೊಂದು ವಿಮಾನದ ಎಂಜಿನ್ ಲೈಕಾಮಿಂಗ್ ಗೇರ್ ಇಲ್ಲದೆ ನೇರವಾಗಿಯೇ ತಿರುಗಿಸುತ್ತದೆ. ಎಂಜಿನ್ ಜೊತೆ ಪ್ರಯೋಗ ಮಾಡುವುದೇ ನಿಮ್ಮ ಹವ್ಯಾಸವಾದರೆ ಸರಿ. ಉಳಿತಾಯ ಅಂತ ಹೊರಟವರು ಕೊನೆಗೆ ಎರಡು ಎಂಜಿನ್ನಿಗೆ ದುಡ್ಡು ಕೊಟ್ಟಿದ್ದನ್ನು ಕಂಡಿದ್ದೇನೆ.

ತೂಕ ಮತ್ತು ಸಮತೋಲ ಅಂತಾರಲ್ಲ, ಏನದು?

ಇದನ್ನು ಅರ್ಥ ಮಾಡಿಕೊಳ್ಳದೆ ಹಾರಬೇಡಿ. ಮೂರೂ ಚಕ್ರದ ಕೆಳಗೆ ತಕ್ಕಡಿ ಇಟ್ಟು ತೂಗುತ್ತೀರಿ. ವಿಮಾನದ ಮುಂದೆ ಒಂದು ಗೆರೆ ಇದೆ ಅಂದುಕೊಳ್ಳಿ, ಎಲ್ಲ ದೂರವನ್ನೂ ಅಲ್ಲಿಂದ ಅಳೆಯಬೇಕು. ಉದಾಹರಣೆಗೆ ಮೂಗಿನ ಚಕ್ರ 1 ಮೀಟರಿನಲ್ಲಿ, ಅದರ ಮೇಲೆ 100 ಕೆಜಿ. ಹಿಂದಿನ ಎರಡು ಚಕ್ರ 2.5 ಮೀಟರಿನಲ್ಲಿ, ಒಟ್ಟು 400 ಕೆಜಿ. ತೂಕವನ್ನು ದೂರದಿಂದ ಗುಣಿಸಿ ಕೂಡಿದರೆ 1,100. ಅದನ್ನು 500 ಕೆಜಿಯಿಂದ ಭಾಗಿಸಿದರೆ ಖಾಲಿ ವಿಮಾನದ ಸಮತೋಲ ಬಿಂದು 2.20 ಮೀಟರ್.

ಈಗ ತುಂಬಿ. ಪೈಲಟ್ 80 ಕೆಜಿ, 2.4 ಮೀಟರಿನಲ್ಲಿ. ಇಂಧನ 70 ಕೆಜಿ, 2.1ರಲ್ಲಿ. ಹಿಂದೆ ಸಾಮಾನು 50 ಕೆಜಿ, 3.2ರಲ್ಲಿ. ಒಟ್ಟು 700 ಕೆಜಿ, ಬಿಂದು 2.284. ವಿನ್ಯಾಸಕರು ಕೊಟ್ಟ ಹಿಂದಿನ ಮಿತಿ 2.30 ಎಂದಿಟ್ಟುಕೊಂಡರೆ ಸರಿಯಾಗಿಯೇ ಇದೆ. ಹಾರಿ 60 ಕೆಜಿ ಇಂಧನ ಸುಟ್ಟ ಮೇಲೆ ಮತ್ತೆ ಲೆಕ್ಕ ಹಾಕಿ: 640 ಕೆಜಿ, ಬಿಂದು 2.302. ಏರುವಾಗ ಮಿತಿಯೊಳಗಿದ್ದ ವಿಮಾನ ಇಳಿಯುವಾಗ ಮಿತಿಯ ಹೊರಗೆ! ಬಿಂದು ಹಿಂದೆ ಹೋದಷ್ಟೂ ವಿಮಾನ ಚಂಚಲವಾಗುತ್ತದೆ, ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಮೂಗು ತಗ್ಗಿಸಿ ಚೇತರಿಸಿಕೊಳ್ಳುವುದು ಕಷ್ಟವಾಗುತ್ತದೆ.

ವೈರಿಂಗ್?

ಎಲ್ಲರೂ ಹೆದರುತ್ತಾರೆ, ಅಷ್ಟೇನಿಲ್ಲ. ಪ್ರತಿ ವೈರಿನ ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ, ಉಜ್ಜಬಹುದಾದ ಕಡೆಯೆಲ್ಲ ರಬ್ಬರ್ ಕೊಡಿ, ನಕ್ಷೆಯನ್ನು ಕಾಗದದ ಮೇಲೂ ಇಟ್ಟುಕೊಳ್ಳಿ.

ತಪಾಸಣೆಗೆ ಬಂದವರು ಏನು ನೋಡುತ್ತಾರೆ?

ಮೊದಲು ದಾಖಲೆ. ಕಟ್ಟಿದ್ದು ನೀವೇ ಅನ್ನುವುದಕ್ಕೆ ದಿನಚರಿ, ರಸೀದಿ, ಫೋಟೊ. ಫೋಟೊಗಳಲ್ಲಿ ನೀವೂ ಇರಿ; ಬರೀ ತಗಡಿನ ಚಿತ್ರ ಯಾರದ್ದೂ ಆಗಿರಬಹುದು. ಆಮೇಲೆ ಕಂಟ್ರೋಲ್‌ಗಳು ಸರಿಯಾದ ದಿಕ್ಕಿಗೆ ಆಡುತ್ತವಾ, ನಟ್‌ಗಳು ಕಳಚದಂತೆ ತಡೆಯುವ ಕಾಟರ್ ಪಿನ್ ಬಿದ್ದಿದೆಯಾ, ಇಂಧನದ ಪೈಪು ಬಿಸಿಯ ಹತ್ತಿರ ಹೋಗಿದೆಯಾ ಅಂತ. ಬಿಗಿದು ಮುಗಿದ ಪ್ರತಿ ಬೋಲ್ಟಿಗೂ ಬಣ್ಣದ ಗೆರೆ ಎಳೆಯುವ ಅಭ್ಯಾಸ ಇಟ್ಟುಕೊಳ್ಳಿ. ಗೆರೆ ಇಲ್ಲದ ಬೋಲ್ಟ್ ಅಂದರೆ ಬಿಗಿಯದ ಬೋಲ್ಟ್. ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ.

ಆ ಅಧಿಕೃತ ತಪಾಸಣೆಗೆ ಬಹಳ ಮೊದಲೇ ಕಟ್ಟಿ ಅನುಭವವಿರುವ ಇನ್ನೊಬ್ಬರನ್ನು ಕರೆಸಿ ತೋರಿಸಿ. 1953ರಲ್ಲಿ ಪಾಲ್ ಪೊಬೆರೆಜ್ನಿ ಶುರುಮಾಡಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್‌ನಲ್ಲಿ ಇದಕ್ಕೆಂದೇ ಸ್ವಯಂಸೇವಕರಿದ್ದಾರೆ. ನಾವು ನೂರು ಸಲ ನೋಡಿದರೂ ಕಾಣದ್ದು ಅವರಿಗೆ ಬಾಗಿಲಲ್ಲೇ ಕಾಣುತ್ತದೆ.

ಮೊದಲ ಹಾರಾಟ ನಾನೇ ಮಾಡಬಹುದಾ?

ಮಾಡಬಹುದು, ಮಾಡಬೇಕೆಂದಿಲ್ಲ. ಏಳು ವರ್ಷ ಕಟ್ಟುವುದರಲ್ಲಿ ಮುಳುಗಿದವರ ಹಾರುವ ಕೈ ಜಡ್ಡು ಹಿಡಿದಿರುತ್ತದೆ. ಅದೇ ಮಾದರಿಯ ವಿಮಾನದಲ್ಲಿ ತರಬೇತುದಾರರ ಜೊತೆ ಕೆಲವು ಗಂಟೆ ಹಾರಿ ಬನ್ನಿ. ಆಮೇಲೂ ಮನಸ್ಸು ಹಿಂಜರಿದರೆ ಆ ಮಾದರಿ ಗೊತ್ತಿರುವ ಪೈಲಟ್‌ಗೆ ಕೊಡಿ. ಇದರಲ್ಲಿ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ.

ಅದಕ್ಕೂ ಮೊದಲು ಇಂಧನದ ಹರಿವು ಅಳೆಯಿರಿ, ಮೂಗನ್ನು ಏರುವ ಕೋನಕ್ಕೆ ಎತ್ತಿಟ್ಟು. ಪಂಪ್ ಇದ್ದರೆ ಎಂಜಿನ್ ಟೇಕ್ ಆಫ್‌ನಲ್ಲಿ ಕುಡಿಯುವುದರ 125 ಪರ್ಸೆಂಟ್, ಪಂಪ್ ಇಲ್ಲದೆ ತಾನಾಗಿ ಕೆಳಗೆ ಹರಿಯುವುದಾದರೆ 150 ಪರ್ಸೆಂಟ್ ಬರಬೇಕು.

ರನ್‌ವೇ ಮೇಲೆ ಜೋರಾಗಿ ಓಡಿಸಿ ಅಭ್ಯಾಸ ಮಾಡುತ್ತೇನೆ ಅನ್ನುವವರಿಗೆ ಎರಡು ಮಾತು. ಒಂದು, ಹಾಗೆ ಓಡಿಸುವಾಗ ವಿಮಾನ ಹೇಳದೆ ಕೇಳದೆ ಮೇಲೇಳಬಹುದು, ಆಗ ಮೊದಲ ಹಾರಾಟಕ್ಕೆ ನೀವು ಸಿದ್ಧರಿರುವುದಿಲ್ಲ. ಎರಡು, ಹೊಸ ಎಂಜಿನ್ನಿಗೆ ನೆಲದ ಮೇಲಿನ ಓಡಾಟ ಒಳ್ಳೆಯದಲ್ಲ. ಅದರ ಪಿಸ್ಟನ್ ರಿಂಗ್ ಕೂರಬೇಕಾದರೆ ಹೆಚ್ಚು ಶಕ್ತಿಯಲ್ಲಿ, ತಂಪಾದ ಗಾಳಿ ಹೊಡೆಯುತ್ತಿರುವಾಗ ಓಡಬೇಕು.

ಮೊದಲ ದಿನ ಒಬ್ಬರೇ ಹಾರಿ. ನೆಂಟರನ್ನು ಕರೆಯಬೇಡಿ, ಜನ ಕಾದು ನಿಂತಿದ್ದರೆ 'ಇವತ್ತು ಬೇಡ' ಅನ್ನುವುದು ಕಷ್ಟವಾಗುತ್ತದೆ. ನಾನು ಎರಡು ಸಲ ರನ್‌ವೇ ತುದಿಯಿಂದ ವಾಪಸು ಬಂದಿದ್ದೆ, ಒಮ್ಮೆ ಆಯಿಲ್ ಬಿಸಿ ನೋಡಿ, ಒಮ್ಮೆ ಬರೀ ಹೊಟ್ಟೆಯ ತಳಮಳಕ್ಕೆ. ಮೂರನೆಯ ಸಲ ಹಾರಿದೆ. ಇಪ್ಪತ್ತು ನಿಮಿಷ, ಏರೋಡ್ರೋಮ್ ಮೇಲೆಯೇ ಸುತ್ತು, ಕಣ್ಣು ಮೀಟರಿನ ಮೇಲೆ. ಸೊಬಗು ನೋಡಲು ಪುರುಸೊತ್ತಿರಲಿಲ್ಲ.

ಆಮೇಲೆ ಸ್ನೇಹಿತರನ್ನು ಕೂರಿಸಿಕೊಳ್ಳಬಹುದಾ?

ಕೂಡಲೇ ಇಲ್ಲ. ಅಮೆರಿಕದ ಕ್ರಮದಲ್ಲಿ ಪ್ರಮಾಣಿತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ, ಗೊತ್ತುಪಡಿಸಿದ ಪ್ರದೇಶದೊಳಗೆ ಪರೀಕ್ಷಾ ಹಾರಾಟ. ಗಂಟೆಯ ಬದಲು ಇಂತಿಷ್ಟು ಪರೀಕ್ಷೆ ಮುಗಿಸುವ ದಾರಿಯೂ ಈಗ ಇದೆ. ಗಂಟೆ ತುಂಬಿಸಲು ಸುಮ್ಮನೆ ಸುತ್ತಬೇಡಿ. ಸ್ಟಾಲ್ ವೇಗ, ಏರುವ ವೇಗ, ಎಂಜಿನ್ ನಿಂತರೆ ಎಷ್ಟು ದೂರ ಜಾರುತ್ತದೆ ಎಲ್ಲ ಬರೆದಿಡಿ. ಆ ಪುಸ್ತಕವೇ ನಿಮ್ಮ ವಿಮಾನದ ಕೈಪಿಡಿ, ಬೇರೆ ಯಾರೂ ಬರೆದುಕೊಡುವುದಿಲ್ಲ.

ನಿಜ ಹೇಳಿ, ಎಷ್ಟು ಅಪಾಯ?

ಕಾರ್ಖಾನೆಯಲ್ಲಿ ತಯಾರಾದ ಇಂಥದೇ ಸಣ್ಣ ವಿಮಾನಗಳಿಗಿಂತ ಜಾಸ್ತಿ. ಎನ್‌ಟಿಎಸ್‌ಬಿ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆಯೇ ಒಂದು ಅಧ್ಯಯನ ಹೊರತಂದಿತು. ಎಂಜಿನ್ ಶಕ್ತಿ ಕಳೆದುಕೊಳ್ಳುವುದು ಮತ್ತು ಹಾರುವಾಗ ಹತೋಟಿ ತಪ್ಪುವುದು ಮುಖ್ಯ ಕಾರಣಗಳು. ಅಪಘಾತಗಳ ದೊಡ್ಡ ಪಾಲು ವಿಮಾನದ ಆರಂಭದ ಹಾರಾಟಗಳಲ್ಲಿ, ಇಲ್ಲವೇ ಸೆಕೆಂಡ್ ಹ್ಯಾಂಡ್ ಕೊಂಡವರ ಆರಂಭದ ಹಾರಾಟಗಳಲ್ಲಿ ಎಂದು ಅದು ಕಂಡುಕೊಂಡಿತು. ರೆಕ್ಕೆ ಮುರಿದು ಬೀಳುವುದು ಅಪರೂಪ. ಜನ ರಿವೆಟ್ ಬಗ್ಗೆ ಹೆದರುತ್ತಾರೆ, ಹೆದರಬೇಕಾದ್ದು ಇಂಧನದ ಪೈಪಿನ ಬಗ್ಗೆ, ತರಬೇತಿಯ ಬಗ್ಗೆ.

ಪೈಲಟ್ ಲೈಸೆನ್ಸ್ ಮೊದಲು ಮಾಡಿಸಬೇಕಾ, ವಿಮಾನ ಮೊದಲಾ?

ಹಾರುವುದನ್ನು ಮೊದಲು ಕಲಿಯಿರಿ. ಹಾರುವುದು ಇಷ್ಟವಾ ಅಂತಲೇ ಗೊತ್ತಿಲ್ಲದೆ ಎರಡು ಸಾವಿರ ಗಂಟೆ ಹೂಡಬೇಡಿ. ಹಾಗೆಂದು ಕಟ್ಟುವುದನ್ನಷ್ಟೇ ಪ್ರೀತಿಸಿ, ಮುಗಿಸಿ ಮಾರಿ, ಇನ್ನೊಂದು ಶುರುಮಾಡುವವರನ್ನೂ ಬಲ್ಲೆ.

ಯಾರೋ ಅರ್ಧ ಕಟ್ಟಿಟ್ಟದ್ದು ಅಗ್ಗಕ್ಕೆ ಸಿಗುತ್ತಿದೆ.

ಕಟ್ಟಿ ಅನುಭವ ಇರುವವರನ್ನು ಕರೆದುಕೊಂಡು ಹೋಗಿ. ರಿವೆಟ್ ಗೇಜ್, ಟಾರ್ಚ್, ಸಣ್ಣ ಕನ್ನಡಿ ಇರಲಿ. ಮುಚ್ಚಿದ ಜಾಗಗಳ ಫೋಟೊ ಕೇಳಿ. ಫೋಟೊ ಇಲ್ಲ, ದಿನಚರಿ ಇಲ್ಲ ಅಂದರೆ ಎಷ್ಟು ಅಗ್ಗವಾದರೂ ನಮಸ್ಕಾರ ಹೇಳಿ ಬನ್ನಿ. ದಾಖಲೆ ಇಲ್ಲದಿದ್ದರೆ ಆ 51 ಪರ್ಸೆಂಟನ್ನು ನೀವು ಹೇಗೆ ತೋರಿಸುತ್ತೀರಿ?

ಬಣ್ಣ ಯಾವಾಗ ಹೊಡೆಸಬೇಕು?

ಲೋಹದ ವಿಮಾನವಾದರೆ ಮೊದಲು ಹಾರಿಸಿ, ಬಣ್ಣ ಆಮೇಲೆ. ಪರೀಕ್ಷಾ ಹಾರಾಟದಲ್ಲಿ ಏನಾದರೂ ಬಿಚ್ಚುವುದು, ಬಗ್ಗಿಸುವುದು ಇದ್ದೇ ಇರುತ್ತದೆ. ಬಣ್ಣ ಹೊಡೆಸಿದ ಮೇಲೆ ಎಲಿವೇಟರ್, ರಡ್ಡರ್, ಐಲೆರಾನ್‌ಗಳ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆಗಳು) ಸಮತೋಲವನ್ನು ಕೈಪಿಡಿ ಹೇಳಿದಂತೆ ಮತ್ತೆ ನೋಡಲೇಬೇಕು. ಬಣ್ಣದ ತೂಕ ಹಿಂಜ್‌ನ ಹಿಂದೆ ಬೀಳುತ್ತದೆ, ಹಿಂದೆ ಭಾರವಾದ ಐಲೆರಾನ್ ವೇಗದಲ್ಲಿ ಪಟಪಟನೆ ಬಡಿದುಕೊಳ್ಳಲು ಶುರುಮಾಡಿದರೆ ಕೆಲವೇ ಕ್ಷಣದಲ್ಲಿ ಕಿತ್ತುಹೋಗಬಹುದು. ಇದಕ್ಕೆ ಫ್ಲಟರ್ ಅನ್ನುತ್ತಾರೆ. ಒಂದು ಪದರ ಜಾಸ್ತಿ ಬಳಿದರೂ ತಕ್ಕಡಿ ಹೊರಗೆ ತೆಗೆಯಿರಿ.

ನನ್ನದಕ್ಕೆ ಇನ್ನೂ ಬಣ್ಣ ಆಗಿಲ್ಲ. ಯಾವ ಬಣ್ಣ ಅಂತ ಮನೆಯಲ್ಲಿ ಎರಡು ವರ್ಷದಿಂದ ಚರ್ಚೆ ನಡೆಯುತ್ತಿದೆ.